ಮೂರನೆಯ ತಾಪಮಾನ

ನವೆಂಬರಿನ ಕೊನೆ. ಟ್ರೊಮ್ಸೋದಲ್ಲಿ ಸೂರ್ಯ ರಜೆ ಹಾಕಿದ್ದಾನೆ,
ವಾಪಸು ಬರುವ ತಾರೀಖನ್ನು ಪಂಚಾಂಗದಲ್ಲಿ ಬರೆದಿಟ್ಟು.
ಅಷ್ಟು ಶಿಸ್ತು ನಮ್ಮ ಪ್ರಾಧ್ಯಾಪಕರಿಗಿಲ್ಲ.

ಗ್ರಂಥಾಲಯದ ಎರಡನೆಯ ಮಹಡಿ, ನನ್ನ ಮೇಜು,
ಅನುದಾನ ಬೇಡುವ ಹನ್ನೊಂದು ಅರ್ಜಿ.
ನನ್ನ ಪಾಲಿಗೆ ಬರುವುದು ಯಾರೂ ಓದದ ಕಡೆಯ ಎರಡು ಪುಟ:
ದತ್ತಾಂಶ ನಿರ್ವಹಣೆಯ ಯೋಜನೆ.

ಎಲ್ಲರದೂ ಒಂದೇ ವಾಕ್ಯ.
"ದತ್ತಾಂಶವನ್ನು ಸುರಕ್ಷಿತವಾಗಿ ಕಾಪಾಡಲಾಗುವುದು."
ಅಡ್ಡಗೋಡೆಯ ಮೇಲಿಟ್ಟ ದೀಪ.
ಎಲ್ಲಿ? ಎಷ್ಟು ವರ್ಷ? ಯಾರು?
'ಲಾಗುವುದು' ಎಂಬ ಹೆಸರಿನ ನೌಕರ
ನಮ್ಮ ಸಂಬಳದ ಪಟ್ಟಿಯಲ್ಲಿ ನನಗಂತೂ ಸಿಕ್ಕಿಲ್ಲ.

ಏಳನೆಯದು ಸಿನ್ನೋವೆಯದು. ಕಾಡ್ ಮೀನಿನ ಕಿವಿಗಲ್ಲು,
ಅವರೆಕಾಳಿನಷ್ಟು ಸುಣ್ಣ,
ಮರದ ಹಾಗೆ ವರ್ಷಕ್ಕೊಂದು ಬಳೆ ತೊಡುತ್ತದೆ.
ಮೂವತ್ತೊಂದು ವರ್ಷದ ಬಳೆಗಳು, ಪಕ್ಕದಲ್ಲಿ
ಆಯಾ ವರ್ಷದ ಕಡಲಿನ ಬಿಸುಪು.
ನಾನು ಅಂಚಿನಲ್ಲಿ ಪೆನ್ಸಿಲಿನಿಂದ ಗೀಚಿದೆ:
ಅಂಕಣ 'ಟಿ-೩'. ಏನಿದು?

ಮರುದಿನವೇ ಬಂದಳು.
ಬೂಟಿನ ಹಿಮ ಕೊಡವಿದಳು, ಮುನಿಸು ಕೊಡವಲಿಲ್ಲ.
"ಟಿ ಅಂದರೆ ತಾಪಮಾನ. ಮಕ್ಕಳಿಗೂ ಗೊತ್ತು."
"ಯಾವುದರದು?"
"ಕಡಲಿನದು."
"ಮೂರು ಅಂದರೆ?"
ಬಾಯಿ ತೆರೆದಳು. ಹಾಗೆಯೇ ಮುಚ್ಚಿದಳು.
ಅಂಕಣ ಕಟ್ಟಿದ್ದು ಅವಳ ಗುರು. ತೀರಿಕೊಂಡು ಆರು ವರ್ಷ.
ಅದರ ಅರ್ಥಕೋಶ ಅವರ ತಲೆಯಲ್ಲಿತ್ತು,
ತಲೆಯ ಜೊತೆಗೇ ಮಣ್ಣಿಗೆ ಹೋಯಿತು.

ಉಳಿದವನು ಒಬ್ಬನೇ, ಓಡ್ವಾರ್,
ಸಂಶೋಧನೆಯ ಹಡಗಿನಲ್ಲಿ ಹಗ್ಗ ಎಳೆದವನು,
ಯಾವ ಪ್ರಬಂಧದಲ್ಲೂ ಹೆಸರಿಲ್ಲದವನು.
ಫೋನನ್ನು ಮೇಜಿನ ನಡುವೆ ಇಟ್ಟಳು.
ಅವನು ಕೆಮ್ಮಿದ, ಆಮೇಲೆ ನಕ್ಕ.
"ಒಂದನೆಯದು ತಳದ್ದು. ಎರಡು, ನಡುನೀರಿನದು.
ಮೂರು ಬಕೆಟ್ಟಿನದು, ಮಗಳೇ.
ಮೇಲಿನ ನೀರೆತ್ತಿ ಡೆಕ್ಕಿನ ಮೇಲಿಡುತ್ತಿದ್ದೆವು.
ಕಾಫಿ ಕುಡಿದು ಬಂದು ಅಳೆಯುತ್ತಿದ್ದೆವು."

ಕಾಫಿ ಕುಡಿದು ಬಂದು.

ಅವಳ ಪಿಎಚ್‌ಡಿಯ ನಾಲ್ಕನೆಯ ಅಧ್ಯಾಯ
ಅಷ್ಟು ವರ್ಷವೂ ಒಂದು ಬಕೆಟ್ಟಿನಲ್ಲಿ ತೇಲುತ್ತಿತ್ತು.
ಎದ್ದು ಹೋಗುತ್ತಾಳೆ ಎಂದುಕೊಂಡೆ.
ಅವಳು ನನ್ನ ಪೆನ್ಸಿಲನ್ನೇ ಎತ್ತಿಕೊಂಡಳು.
"ಕಾಫಿಗೆ ಎಷ್ಟು ಹೊತ್ತು ಹಿಡಿಯುತ್ತಿತ್ತು?"
"ಗಾಳಿಯಿದ್ದರೆ ಹತ್ತು ನಿಮಿಷ. ಇಲ್ಲದಿದ್ದರೆ ಇಸ್ಪೀಟು ಮುಗಿಯುವ ತನಕ."
"ಬಕೆಟ್ಟು?"
"ತೊಂಬತ್ತೆಂಟರವರೆಗೆ ತಗಡು, ಆಮೇಲೆ ಪ್ಲಾಸ್ಟಿಕ್ಕು, ಕೆಂಪು."
ಕೆಂಪು ಎಂಬುದನ್ನೂ ಬರೆದುಕೊಂಡಳು.

ಆ ವಾರವಿಡೀ ಹೊಡೆದು ಹಾಕುವುದೇ ಕೆಲಸ.
"ಎಲ್ಲರಿಗೂ ಮುಕ್ತ" ಎಂದು ಧಾರಾಳವಾಗಿ ಬರೆದಿದ್ದಳು.
ಮೀನಿರುವ ತಾವುಗಳನ್ನು ತೋರಿಸಿದ್ದು ಮಾರಿತ್,
ಫ್ಯೋರ್ಡಿನ ಸಾಮಿ ಮೀನುಗಾರ್ತಿ.
ಅವಳ ಅಜ್ಜಿ ಬಂಡೆಗೂ ಬೆಟ್ಟಕ್ಕೂ ಕಣ್ಣಲ್ಲೇ ಗೆರೆ ಎಳೆದು
ಕಂಡುಕೊಂಡ ಜಾಗಗಳು.
ಅವನ್ನು ದೊಡ್ಡ ಟ್ರಾಲರುಗಳಿಗೂ ಹಂಚುವುದೇ?
ಕೇಳಿದ್ದಕ್ಕೆ ಮಾರಿತ್ ಎರಡು ಸಲ ಬೇಡವೆಂದಳು,
ಮೂರನೆಯ ಸಲಕ್ಕೆ ಸ್ವಲ್ಪ ಯೋಚಿಸಿ, ಬೇಡವೆಂದಳು.
ಬಳೆಗಳ ಎಣಿಕೆ ಬಯಲಿಗೆ. ತಾವುಗಳು ಬೀಗದೊಳಗೆ.
ಕೀಲಿ ಮಾರಿತಳ ಕೈಯಲ್ಲಿ.

ಯೋಜನೆ ಮೂರೂವರೆ ಪುಟ ಬೆಳೆಯಿತು.
ಸಲ್ಲಿಸುವ ತಾಣ ಎರಡೇ ಪುಟ ನುಂಗುತ್ತದೆ.
ರಾತ್ರಿ ಹನ್ನೊಂದಕ್ಕೆ ಏನು ಕತ್ತರಿಸೋಣ ಎಂದು ಕೂತೆವು.
ನಮ್ಮ ಘನ ಪರಂಪರೆಯ ಪ್ಯಾರಾ ಹೋಯಿತು.
'ಅತ್ಯಾಧುನಿಕ', 'ಸಮಗ್ರ', 'ವಿಶ್ವದರ್ಜೆಯ', ಮೂರೂ ಹೋದವು.
ಬಕೆಟ್ಟು ಉಳಿಯಿತು. ಓಡ್ವಾರನ ಹೆಸರು ಬಂತು.
ಮೊದಲನೆಯ ಸಾಲು ಈಗ ಹೀಗಿದೆ:
"ನಾನು ಕಾಪಾಡುತ್ತೇನೆ. ನಾನಿಲ್ಲದಾಗ ಗ್ರಂಥಾಲಯ.
ಇಬ್ಬರೂ ಇಲ್ಲದಾಗ ಓದುವವರಿಗೆ, ಅಂಕಣಗಳ ಅರ್ಥ ಕೆಳಗಿದೆ."

ದುಡ್ಡು ಬರುತ್ತದೋ ಇಲ್ಲವೋ ಮಾರ್ಚಿಯಲ್ಲಿ ತಿಳಿಯುತ್ತದೆ.

ಅವಳು ಹೋದ ಮೇಲೆ ನನ್ನ ಕಂಪ್ಯೂಟರು ತೆರೆದೆ.
'ಕೊನೆಯದು', 'ಕೊನೆಯದು-ಹೊಸದು',
'ನಿಜವಾಗಿ-ಕೊನೆಯದು-೨'.
ಯಾವುದು ಕೊನೆಯದು?
ಕಿಟಕಿಯಾಚೆ ಹಿಮ ತೆಗೆಯುವ ಗಾಡಿ
ಬಂದ ದಾರಿಯಲ್ಲೇ ಮತ್ತೆ ಬರುತ್ತಿತ್ತು.