ಐದೂ ಬೆರಳು

ಮೊದಲ ದಿನ ಅಮರೇಶ ಸರ್ ಕಲಿಸಿದ್ದು ಇಷ್ಟೇ:
ದಾರಿ ತೋರಿಸುವಾಗ ಒಂದು ಬೆರಳು ಚಾಚಬೇಡ,
ಬೈದ ಹಾಗೆ ಕಾಣುತ್ತದೆ.
ಐದೂ ಬೆರಳು ಕೂಡಿಸು, ಅಂಗೈ ಮೇಲೆ ಮಾಡು,
ಬಾಯಾರಿದವರಿಗೆ ಚರಿಗೆ ನೀಡಿದ ಹಾಗೆ ತೋರಿಸು.
ಮತ್ತೆ, ‘ಗೊತ್ತಿಲ್ಲ’ ಅನ್ನಬೇಡ.
‘ಕೇಳಿ ಹೇಳ್ತೀನ್ರಿ’ ಅನ್ನು.

ಮುನಿರಾಬಾದು, ಡ್ಯಾಮಿನ ಕೆಳಗಿನ ಉದ್ಯಾನ.
ಮೇ ತಿಂಗಳು. ಗೇಟಿನ ಕಬ್ಬಿಣ ಮುಟ್ಟಿದರೆ
ಅಂಗೈ ಹೆಂಚಿಗಿಟ್ಟ ಹಾಗೆ.
ಬಿ.ಎ. ಎರಡನೇ ವರ್ಷ, ನಲವತ್ತೈದು ದಿನದ ಇಂಟರ್ನ್‌ಶಿಪ್ಪು,
ಎದೆಯ ಮೇಲೆ ಬಿಲ್ಲೆ: ‘ಸಂದರ್ಶಕರ ಸೇವೆ’.
ಕೆಳಗೆ ನನ್ನ ಹೆಸರು, ‘ಫಕೀರಮ’,
ಒತ್ತಕ್ಷರ ನುಂಗಿದ್ದು ಯಾರೋ ಗೊತ್ತಿಲ್ಲ.
(ಕೇಳಿ ಹೇಳ್ತೀನಿ.)

ಬಂದವರು ಕೇಳಿದ್ದನ್ನೆಲ್ಲ ರಿಜಿಸ್ಟರಿನಲ್ಲಿ ಬರೆಯಬೇಕು.
ಸಂಡಾಸ ಎಲ್ಲೈತಿ: ಮೊದಲ ವಾರವೇ ನೂರಾ ಎಪ್ಪತ್ತು ಸಲ.
ನೆಳ್ಳು ಎಲ್ಲೈತಿ.
ಹುಲಿಗಿಗೆ ಬಸ್ಸು ಎಷ್ಟಕ್ಕ.
ಕಾರಂಜಿ ಯಾವಾಗ ಬಿಡ್ತೀರಿ.
ಬಿಡೂದಿಲ್ರಿ, ನೀರಿಲ್ಲ.
‘ಇಷ್ಟು ದೊಡ್ಡ ಡ್ಯಾಮು ಬೆನ್ನಿಗಿಟಗೊಂಡು
ನೀರಿಲ್ಲಂತೀಯಲ್ಲ ತಂಗಿ!’
ಸಿಂಧನೂರಿನವರು. ನಕ್ಕರು. ನಾನೂ ನಕ್ಕೆ,
ನಗುವುದೂ ಸೇವೆಯಲ್ಲೇ ಬರುತ್ತದೆ.

ಮರದ ಹೆಸರು ಕೇಳಿದ್ದು ಒಬ್ಬಳೇ, ನಾಕನೆತ್ತೆಯ ಹುಡುಗಿ.
ಓಡಿದೆ ದುರುಗಮ್ಮನ ಹತ್ತಿರ.
ಹತ್ತೊಂಬತ್ತು ವರ್ಷದ ದಿನಗೂಲಿ,
ಹೆಗಲ ಮೇಲೆ ಪೈಪು, ಪೈಪಿನೊಳಗೆ ಅರ್ಧ ನೀರು ಅರ್ಧ ಗಾಳಿ.
‘ಅದು ಬಾಗಿ ಗಿಡ. ಬ್ಯಾಸಗ್ಯಾಗ ಒಣಗಿದ ಕಾಯಿ ಮಾತಾಡ್ತಾವ.
ಆ ಹೊಂಗಿ ಐತಲ್ಲ, ಅದು ನಿನ್ನ ವಾರಿಗೀದು,
ಇಬ್ಬರಿಗೂ ಇನ್ನಾ ನೆಳ್ಳು ಸಾಲದು.’

ಬೆಳಿಗ್ಗೆ ಆರಕ್ಕೆ ಬರುವವಳು ಆಕೆ,
ಪಂಪುಮನೆಯ ಹಿಂದಿನ ಸಣ್ಣ ಬಾಗಿಲಿಂದ.
ಹೋಗುವುದೂ ಅದರಿಂದಲೇ.

ಮೂವತ್ತೆಂಟನೇ ದಿನ ಮುಂದಿನ ಗೇಟಿಗೆ ಬಂದಳು.
ಹಸಿರು ಇಳಕಲ್ ಸೀರೆ, ಕೈತುಂಬ ಬಳೆ,
ಕಾರಟಗಿಯಿಂದ ಬಂದ ಮಗಳು, ಮೊಮ್ಮಗ.
ಟಿಕೆಟ್ಟಿಗೆ ಕೂತ ಇಮಾಮ್‌ಹುಸೇನ ಕೈಯಾಡಿಸಿದ:
‘ಯವ್ವಾ, ನಿನಗ್ಯಾತರ ಚೀಟಿ!’
ಆಕೆ ಸೆರಗಿನ ಗಂಟು ಬಿಚ್ಚಿ ನೋಟುಗಳನ್ನು
ಒಂದೊಂದಾಗಿ ನೀಟು ಮಾಡಿ ಇಟ್ಟಳು.
‘ಹರೀಪಾ. ಇವತ್ತ ನಾ ನೋಡಾಕ ಬಂದೀನಿ.’

ಆಮೇಲೆ ನನ್ನ ಮೇಜಿನೆದುರು ನಿಂತು,
ಎಂದೂ ಕಂಡಿರದವಳ ಹಾಗೆ:
‘ಮೇಡಮ್ಮಾರ, ಇಲ್ಲಿ ನೋಡೂದು ಏನೇನೈತ್ರಿ?’

ಮುಖದಲ್ಲಿ ಚೇಷ್ಟೆ ಹುಡುಕಿದೆ. ಇರಲಿಲ್ಲ.
ಎದ್ದು ನಿಂತೆ. ಐದೂ ಬೆರಳು ಕೂಡಿದವು.
‘ಬಲಕ್ಕ ಗುಲಾಬಿ ತ್ವಾಟರಿ. ಮುಂದ ಕಾರಂಜಿ,
ಈಗ ನೀರಿಲ್ಲ, ತಪ್ಪು ತಿಳೀಬ್ಯಾಡ್ರಿ.’
‘ಈ ಗಿಡಕ್ಕೇನಂತಾರ?’
‘ಬಾಗಿ ಗಿಡರಿ. ಬ್ಯಾಸಗ್ಯಾಗ ಒಣಗಿದ ಕಾಯಿ ಮಾತಾಡ್ತಾವ.’
‘ಕೇಳಿದೇನ?’ ಮೊಮ್ಮಗನ ತಲೆ ನೇವರಿಸಿದಳು,
‘ಓದಿದವರು ಹೆಂಗ ಹೇಳ್ತಾರ ನೋಡು.’

ಕಲ್ಲುಬೆಂಚಿನ ಮೇಲೆ ಕೂತು ಮಂಡಕ್ಕಿ ತಿಂದರು.
ದಿನಾ ತಾನೇ ತೊಳೆವ ಬೆಂಚು.
ಮಗಳು ಏನೋ ಹೇಳುತ್ತಿದ್ದಳು, ಆಕೆ ಹೂಂಗುಟ್ಟುತ್ತಿದ್ದಳು,
ಕೈ ಮಾತ್ರ ತನ್ನ ಪಾಡಿಗೆ ಕೆಳಗಿಳಿದು
ಒಂದು ಜೇಕು ಬೇರು ಸಮೇತ ಕಿತ್ತಿತು.
ಕಿತ್ತ ಮೇಲೆ ನೋಡಿಕೊಂಡಳು, ಕದ್ದವರ ಹಾಗೆ.
ಅಷ್ಟು ದೂರ ನಡೆದು ಬಂದು ಕೇಳಿದಳು:
‘ಕಸದ ಡಬ್ಬಿ ಎಲ್ಲೈತ್ರಿ?’
ತೋರಿಸಿದೆ.
ರಿಜಿಸ್ಟರಿನಲ್ಲಿ ಬರೆದೆ: ಕಸದ ಡಬ್ಬಿ, ಒಂದು ಸಲ.

ಮರುದಿನ ಆರಕ್ಕೆ ಹಿಂದಿನ ಬಾಗಿಲು, ಹಳೇ ಸೀರೆ, ಪೈಪು.
ನಿನ್ನೆಯ ಮಾತು ಆಕೆಯೂ ಎತ್ತಲಿಲ್ಲ, ನಾನೂ.
ಹೊಂಗೆಯ ಬುಡಕ್ಕೆ ನೀರು ಬಿಟ್ಟು, ಬೆನ್ನು ತಿರುವಿಕೊಂಡೇ:
‘ಚಂದಾಗಿ ತೋರಿಸಿದಿ.
ಗುಲಾಬಿ ಮಾತ್ರ ಎಡಕ್ಕೈತವ್ವ.
ಕುಂತವರ ಬಲ, ಬಂದವರಿಗೆ ಎಡ.’