ಏಳು ಡಿಗ್ರಿ

ಈ ತಿಂಗಳು ಗಣಿತವೆಂದರೆ ಕೋಳಿಗೂಡು.
ಚಳ್ಳಕೆರೆಯ ಕೆಮ್ಮಣ್ಣಿಗೆ ಶೇಂಗಾ ಹೊಟ್ಟು ಬೆರೆಸಿ
ತುಳಿದೆವು ಇಪ್ಪತ್ತಮೂರು ಜೋಡಿ ಕಾಲು,
ನನ್ನವೂ ಸೇರಿ.

ತೂಗುಗುಂಡು ಹಿಡಿದವನು ಪಾಲಯ್ಯ.
ಗಾಳಿ ಬೀಸಿತ್ತೆಂದು ಈಗಲೂ ಆಣೆ ಮಾಡುತ್ತಾನೆ.
ಒಣಗಿದ ಗೋಡೆ ವಾಲಿತ್ತು ಅಡುಗೆಮನೆ ಕಡೆಗೆ,
ಕಿವಿಗೊಟ್ಟಂತೆ.

ಎಷ್ಟು? ಅಳೆದರು. ಏಳು ಡಿಗ್ರಿ.
ಕೆಡವೋಣವೇ? ಕೈ ಎತ್ತಿದರು:
ಹೌದು ಹನ್ನೊಂದು, ಬೇಡ ಹನ್ನೊಂದು.
ನನ್ನ ಕೈ ಜೇಬಿನಲ್ಲಿತ್ತು.

ಮುದ್ದೆಕೋಲು ಹಿಡಿದೇ ಬಂದಳು ಅಡುಗೆಯ ಬೋರಕ್ಕ,
ಆಚೆ ಬದಿಗೆ ಹೋಗಿ
ಗೋಡೆಗೆ ಒರಗಿ ಕಾಲು ಚಾಚಿದಳು.
"ಬೆನ್ನಿಗೆ ಹಿತವಾಗೈತೆ, ಬಿಡ್ರೋ ಇದನ್ನ.
ಕೋಳಿಗೆ ಬ್ಯಾರೆ ಕಟ್ರಿ."

ಇವತ್ತು ಎರಡನೆಯ ಗೋಡೆ.
ಗುಂಡು ಮತ್ತೆ ಪಾಲಯ್ಯನ ಕೈಯಲ್ಲೇ.
ಗಾಳಿಗೆ ಬೆನ್ನು ಕೊಟ್ಟು, ಉಸಿರು ಹಿಡಿದು ನಿಂತಿದ್ದಾನೆ.
ದಾರ ಅಲುಗುತ್ತಿದೆ ಇನ್ನೂ.
ಯಾರೂ ಮಾತಾಡುತ್ತಿಲ್ಲ.