ಎಲೆಗೆ ಟಿಕೆಟ್ ಇಲ್ಲ

ಮೊದಲನೆಯದು ಹತ್ತಿದ್ದು ಗುಳ್ಳಾಪುರದಲ್ಲಿ.
ವರ್ಗವಾಗಿ ಹೊರಟ ಬ್ಯಾಂಕಿನ ಮೇಡಂ,
ಮೂರು ಸೂಟ್‌ಕೇಸು, ಒಂದು ಮಿಕ್ಸಿ,
ಮಡಿಲಲ್ಲಿ ಅಂಗೈಯಗಲದ ಕುಂಡ.
ಮುಟ್ಟಿ ಕೇಳಿದೆ, ಇದು ಬಟ್ಟೆಯದೋ?
ಅವರು ನಕ್ಕು ಒಂದೆಲೆ ಚಿವುಟಿ ಕೊಟ್ಟರು:
ಆಫ್ರಿಕನ್ ವಯೊಲೆಟ್.
ನೀರು ತಲೆಗೆ ಹೊಯ್ಯಬೇಡ, ಪಾದಕ್ಕೆ ಇಡು.
ಫೋನ್ ನಂಬರನ್ನೂ ಬರೆದುಕೊಟ್ಟರು,
ಕೂಸನ್ನು ಬಿಟ್ಟು ಹೋಗುವವರ ಹಾಗೆ.

ಬೆಕ್ಕಿನ ಮರಿಯ ಕಿವಿಯಂಥ ಎಲೆ.
ಒದ್ದೆ ಕರವಸ್ತ್ರದಲ್ಲಿ ಸುತ್ತಿ
ಚರ್ಮದ ಚೀಲದೊಳಗೆ
ಹತ್ತರ ನೋಟುಗಳ ಪಕ್ಕ ಮಲಗಿಸಿದೆ.

ಕಾಜುಬಾಗದಲ್ಲಿ ನನ್ನದು ಒಂದೇ ಕೋಣೆ,
ಬಡಗಣಕ್ಕೆ ಒಂದೇ ಕಿಟಕಿ.
ಕಡಲ ಗಾಳಿ ಸರಳನ್ನು ತಿನ್ನುತ್ತದೆ, ಬೀಗವನ್ನು ತಿನ್ನುತ್ತದೆ;
ಗಾಜು ಮುಚ್ಚಿಯೇ ಇಡುತ್ತೇನೆ.
ದಂಟನ್ನು ಬ್ಲೇಡಿನಲ್ಲಿ ಓರೆಯಾಗಿ ಕೊಯ್ದು
ತೆಂಗಿನ ನಾರಿನ ಪುಡಿ, ಚೂರು ಇದ್ದಿಲು, ತೊಳೆದ ಮರಳು,
(ಹೊಳೆಯದೇ ಆಗಬೇಕು. ಬೀಚಿನದು ತಂದು
ಎರಡು ಎಲೆ ಕೊಂದಿದ್ದೇನೆ ಆಮೇಲೆ)
ಮೊಸರಿನ ಡಬ್ಬಿಯಲ್ಲಿ ಊರಿ
ಬ್ರೆಡ್ಡಿನ ಕವರನ್ನು ಮುಸುಕು ಹಾಕಿದೆ.
ಇನ್ನು ಸುಮ್ಮನೆ ಕೂರಬೇಕು. ಅದೇ ಬರುವುದಿಲ್ಲ ನನಗೆ.
ದಿನಾ ಕಿತ್ತು ನೋಡುತ್ತಿದ್ದೆ, ಬೇರು ಬಂತೇ ಎಂದು.
ಡ್ರೈವರ್ ಹಮ್ಮು ಗೌಡರು ಕೇಳಿದರು:
ಹೆಜ್ಜೆಗೊಂದು ಬ್ರೇಕ್ ಹಾಕಿ ಘಟ್ಟ ಹತ್ತುತ್ತಾರೇನೇ?

ಐವತ್ತೆಂಟನೆಯ ಬೆಳಿಗ್ಗೆ
ದಂಟಿನ ಬುಡದಲ್ಲಿ ಸಾಸಿವೆಯಷ್ಟು ಹಸಿರು.
ಒಂದು. ಎರಡು. ಡ್ಯೂಟಿಗೆ ತಡವಾಯಿತು.
ಐದು.

ಈಗ ಇಪ್ಪತ್ಮೂರು ಕುಂಡ.
ಸರಿಯಾದ ಹೆಸರು ಯಾರಿಗೆ ಗೊತ್ತು?
ಹತ್ತಿದ ಸ್ಟಾಪೇ ಹೆಸರು.
ಟಿಕೆಟ್ ರೋಲಿನ ಬಾಲದಲ್ಲಿ ಬರೆದು ಅಂಟಿಸುತ್ತೇನೆ.
ಗುಳ್ಳಾಪುರ ನೀಲಿ.
ಸುಂಕಸಾಳ ಬಿಳಿ, ಅಂಚಿಗೆ ಪಿಕೋ ಮಾಡಿದ ಹಾಗೆ ನಿರಿಗೆ.
ರಾಮನಗುಳಿಯದು ಗುಲಾಬಿ ಎಂದು ಕೊಟ್ಟರು, ಬಿಟ್ಟಿದ್ದು ಬೇರೆ.
ಅರಬೈಲ್ ಇನ್ನೂ ಮೊಗ್ಗೇ ಕಂಡಿಲ್ಲ,
ಘಟ್ಟದಲ್ಲಿ ಕೆಟ್ಟು ನಿಂತ ಲಾರಿ.

ಬಾಳೆಗುಳಿ ಕ್ರಾಸಿನಲ್ಲಿ ಒಮ್ಮೆ ಚೆಕಿಂಗ್ ಸಾಹೇಬರು
ಚೀಲ ಸುರುವಿಸಿದರು.
ನೋಟು ಸರಿ. ಚಿಲ್ಲರೆ ಸರಿ. ಕರವಸ್ತ್ರ ಬಿಡಿಸಿದರು.
ಇದೇನು?
ಎಲೆ, ಸರ್.
ಎಷ್ಟು ಜನ?
ಮೂರು.
ಟಿಕೆಟ್?
ಇಡೀ ಬಸ್ಸು ಉಸಿರು ಹಿಡಿಯಿತು.
ಅವರು ನಗಲಿಲ್ಲ. ಒಂದೊಂದನ್ನೇ
ನಾನು ಮಡಿಸಿದ್ದಕ್ಕಿಂತ ಚೆಂದ ಮಡಿಸಿ ಕೊಟ್ಟು
ಇಳಿದುಹೋದರು.

ಇಡಗುಂದಿಯಲ್ಲಿ ಹತ್ತುವ ಲುರ್ದಿನ್ ಸಿದ್ದಿಗೆ
ಗುಳ್ಳಾಪುರದ ಒಂದು ಮರಿ ಕೊಟ್ಟೆ, ಹೆಸರು ಹೇಳಿದೆ.
ಆಫ್ರಿಕಾ? ಕುಂಡ ತಿರುಗಿಸಿ ನೋಡಿದಳು. ಹುಟ್ಟಿದ್ದೆಲ್ಲಿ ಇದು?
ಕಾಜುಬಾಗದಲ್ಲಿ, ಮೊಸರಿನ ಡಬ್ಬಿಯಲ್ಲಿ.
ಹಂಗಾದ್ರೆ ಕಾಜುಬಾಗದ್ದು ಅನ್ನು.
ನನ್ನನ್ನೂ ಕೇಳ್ತಾರೆ ಜನ, ಯಾವೂರು ಅಂತ.
ಇಡಗುಂದಿ ಅಂದ್ರೆ, ಅಲ್ಲ, ಅದಕ್ಕೂ ಮುಂಚೆ? ಅಂತಾರೆ.
ನನ್ನ ನಾಲಿಗೆಯ ತುದಿಯಲ್ಲಿ ಏನೋ ಇತ್ತು, ನುಂಗಿಕೊಂಡೆ.
ಮಶೀನು ಹಿಡಿದು
ಎಲ್ಲಿಗೆ? ಎಂದೆ.
ಯಲ್ಲಾಪುರ, ಒಂದು.

ಪಟ್ಟೆಯದೊಂದಿದೆ ನನ್ನ ಹತ್ತಿರ.
ಬಿಳಿ ಪಕಳೆಯ ನಡುವೆ ನೇರಳೆ ಗೆರೆ, ಅಳತೆಗೋಲಿಟ್ಟು ಎಳೆದಂತೆ.
ಮಾರ್ಚಿಗೆ ಹಮ್ಮು ಗೌಡರ ನಿವೃತ್ತಿ,
ಅದರ ಮರಿಯನ್ನೇ ಕೊಡಬೇಕೆಂದು
ವರ್ಷದ ಮೊದಲೇ ಎಲೆ ಊರಿದೆ.
ಮರಿ ಬಂತು. ಮೊಗ್ಗು ಬಂತು.
ಬಿಚ್ಚಿದರೆ ಬರೀ ನೇರಳೆ.
ಮೇಡಂಗೆ ಫೋನು ಮಾಡಿದೆ.
ಗೆರೆ ಎಲೆಯಿಂದ ಬರುವುದಿಲ್ಲವಮ್ಮ, ಅಂದರು,
ಎಷ್ಟು ಸಲ ಊರಿದರೂ.

ಡಿಪೋದಲ್ಲಿ ಹಾರ, ಶಾಲು, ಗೋಡಂಬಿ ಪೊಟ್ಟಣ.
ಎಲ್ಲ ಮುಗಿದ ಮೇಲೆ ಕುಂಡ ಕೊಟ್ಟೆ.
ಕನ್ನಡಕ ಏರಿಸಿ ನೋಡಿದರು.
ಗೆರೆ ಇದೆ ಅಂದಿದ್ದೆಯಲ್ಲೇ?
ಇಳಿದುಹೋಯಿತು.
ಯಾವ ಸ್ಟಾಪಿನಲ್ಲಿ?
ನೋಡಲಿಲ್ಲ ಗೌಡ್ರೆ,
ಚಿಲ್ಲರೆ ಎಣಿಸುತ್ತಿದ್ದೆ.